ಚಟ್ನಿ ಗೋಲ್‌ಕೀಪರ್, ವಡೆ ಸ್ಟಾಪರ್

2025ರ ಆಗಸ್ಟ್‌ನ ಒಂದು ಭಾನುವಾರ ಬೆಳಗ್ಗೆ ಎಂಟೂವರೆಗೆ ನಮ್ಮ ಬೀದಿ ಕೊನೆಯ ಹೋಟೆಲಿನಲ್ಲಿ ಭಾರತ ಫುಟ್‌ಬಾಲ್ ತಂಡದ ಆಯ್ಕೆ ಸಭೆ ಸೇರಿತು. ಸದಸ್ಯರು ನಾಲ್ಕು ಜನ. ಕೋಚ್ ಬಂದಿರಲಿಲ್ಲ, ಅವರಿಗೆ ಯಾರೂ ಹೇಳಿರಲೂ ಇಲ್ಲ.

ವಿಷಯ ಇಷ್ಟೇ. ಆಗಷ್ಟೇ ಕೋಚ್ ಆಗಿದ್ದ ಖಾಲಿದ್ ಜಮೀಲ್ 35 ಜನರ ಪಟ್ಟಿ ಬಿಟ್ಟಿದ್ದರು. ಅದರಲ್ಲಿ ವರ್ಷಗಟ್ಟಲೆ ದೇಶಕ್ಕೆ ಗೋಲು ಹೊಡೆದ ಸ್ಟ್ರೈಕರ್ ಸುನಿಲ್ ಛೇತ್ರಿ ಹೆಸರಿರಲಿಲ್ಲ. 2024ರ ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಕೊನೇ ಮ್ಯಾಚ್ ಆಡಿ, 94 ಗೋಲಿಗೆ ಲೆಕ್ಕ ಮುಗಿಸಿ, ಅತ್ತು, ನಮ್ಮನ್ನೂ ಅಳಿಸಿ ನಿವೃತ್ತರಾದ ಮನುಷ್ಯನನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆದಿದ್ದರು. ಬಂದ ಮ್ಯಾಚಲ್ಲೇ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಮೇಲೆ 95ನೆಯದು ಹೊಡೆದರು. ದೇಶದ ದೊಡ್ಡ ಕ್ಲಬ್ ಲೀಗ್ ಐಎಸ್‌ಎಲ್‌ನ ಆ ಸೀಸನ್ ಮುಗಿದಾಗ ನೋಡಿದರೆ ಭಾರತೀಯರಲ್ಲಿ ಜಾಸ್ತಿ ಗೋಲು ಹೊಡೆದವರೂ ಅವರೇ, 14. ಈಗ 41 ತುಂಬಿದೆ ಅಂತ ಬಿಟ್ಟಿದ್ದು ಸರಿಯಾ ತಪ್ಪಾ? ದೇಶಕ್ಕೆ ಉತ್ತರ ಬೇಕಿತ್ತು, ನಮಗೆ ತಿಂಡಿ ಬೇಕಿತ್ತು.

ಸದಸ್ಯರ ಪರಿಚಯ ಮಾಡಿಕೊಡುತ್ತೇನೆ. ಮೊದಲನೆಯವನು ಪಕ್ಕದ ಮನೆ ಸಾಫ್ಟ್‌ವೇರ್ ಹುಡುಗ, ನಾವು ಅವನನ್ನು ಎಕ್ಸೆಲ್ ಅಂತಲೇ ಕರೆಯುವುದು. ಆಟಗಾರನ ಹೆಸರು ಹೇಳಿದರೆ ಸಾಕು, ವೇಗ 78, ಪಾಸ್ 71, ಹೆಡ್ಡಿಂಗ್ 64 ಅಂತ ಶುರು. ಈ ನಂಬರ್ ಎಲ್ಲಿಂದ ಬಂತಪ್ಪಾ ಅಂದರೆ ವಿಡಿಯೋ ಗೇಮಿನಿಂದ. ಎರಡನೆಯವನು ಲಂಡನ್ನಿನ ಕ್ಲಬ್ ಆರ್ಸೆನಲ್‌ನ ಭಕ್ತ. ಲಂಡನ್ ಕಡೆಗೆ ಅವನು ಹೋಗಿರುವ ಅತಿ ದೂರ ಅಂದರೆ ದೇವನಹಳ್ಳಿ ಏರ್‌ಪೋರ್ಟು, ಅದೂ ಮಾವನನ್ನು ಬಿಟ್ಟುಬರೋಕೆ. ಆದರೂ "ನಮ್ಮ ಲೆಫ್ಟ್ ಬ್ಯಾಕ್‌ಗೆ ಮೊಣಕಾಲು ನೋವು" ಅಂತ ಅವನು ಹೇಳಿದಾಗ ಹೋಟೆಲಿನವರು ಯಾರೋ ಮನೆಯವರಿಗೇ ಆಗಿದೆ ಅಂತ ಮರುಗುತ್ತಾರೆ. ಮೂರನೆಯವರು ಆಸ್ಟಿನ್ ಟೌನ್‌ನಿಂದ ನಮ್ಮ ಕಡೆಗೆ ಮನೆ ಮಾಡಿಕೊಂಡು ಬಂದ ಅಂಕಲ್, ಎಪ್ಪತ್ತು ದಾಟಿದೆ, ಹಿಂದೆ ಒಂದು ಕಾರ್ಖಾನೆ ಟೀಮಿಗೆ ರೈಟ್ ಔಟ್ ಆಡಿದವರು. ಅವರ ಪ್ರಕಾರ ಬೆಂಗಳೂರಲ್ಲಿ ಫುಟ್‌ಬಾಲ್ ಸತ್ತದ್ದೂ ಅವರು ರಿಟೈರ್ ಆದದ್ದೂ ಒಂದೇ ವರ್ಷ, ಒಂದಕ್ಕೊಂದು ಸಂಬಂಧ ಇಲ್ಲದೇ ಇಲ್ಲ. ನಾಲ್ಕನೆಯವನು ನಾನು, ಬಿಲ್ ಕೊಡುವವನು.

ಎಕ್ಸೆಲ್ ಟೇಬಲ್ ಮೇಲೆಯೇ ತಂಡ ನಿಲ್ಲಿಸಿದ. ಚಟ್ನಿ ಬಟ್ಟಲು ಗೋಲ್‌ಕೀಪರ್. ಎರಡು ವಡೆ ಸ್ಟಾಪರ್, ಅಂದರೆ ಗೋಲಿನ ಮುಂದೆ ಅಡ್ಡ ನಿಲ್ಲುವವರು. ಎರಡು ಇಡ್ಲಿ ಸೈಡ್ ಬ್ಯಾಕ್. ಮಿಡ್‌ಫೀಲ್ಡ್‌ಗೆ ಎರಡು ಚಮಚ, ಅವುಗಳ ಮುಂದೆ ಕಾಫಿ ಲೋಟ ಮೂರು. ಅಂಕಲ್‌ಗೆ ಶುಗರ್, ಅವರು ಕಾಫಿ ಕುಡಿಯಲ್ಲ, ಹಾಗಾಗಿ ಲೋಟ ಮೂರೇ. ಇಲ್ಲಿಗೆ ಹತ್ತಾಯಿತು. ಸ್ಟ್ರೈಕರ್ ಜಾಗಕ್ಕೆ ಇಡೋಕೆ ಟೇಬಲ್ ಮೇಲೆ ಏನೂ ಉಳಿದಿರಲಿಲ್ಲ.

"ಇದೇ ನೋಡಿ ನಮ್ ದೇಶದ ಪ್ರಾಬ್ಲಮ್ಮು" ಅಂದ ಎಕ್ಸೆಲ್. ಅವನು ಹೇಳಿದ್ದು ತಮಾಷೆಯಲ್ಲ. ಐಎಸ್‌ಎಲ್‌ನಲ್ಲಿ ಹೆಚ್ಚಿನ ಕ್ಲಬ್ಬುಗಳು ಗೋಲು ಹೊಡೆಯುವ ಕೆಲಸಕ್ಕೆ ವಿದೇಶಿಯರನ್ನೇ ತರುತ್ತವೆ, ನಮ್ಮ ಹುಡುಗರನ್ನು ಸೈಡಿಗೆ ತಳ್ಳುತ್ತವೆ. ಮದುವೆ ಮನೆಯಲ್ಲಿ ಅಡುಗೆಗೆ ಹೊರಗಿನ ಭಟ್ಟರು, ನಮ್ಮವರಿಗೆ ಎಲೆ ಹಾಕೋ ಕೆಲಸ. ಆಮೇಲೆ ದೇಶದ ತಂಡದಲ್ಲಿ ಯಾರಿಗೂ ಅಡುಗೆ ಬರಲ್ಲ ಅಂತ ಗೋಳು.

ಅಂಕಲ್ ಮಾತಾಡಲಿಲ್ಲ. ಅಂಗಿ ಜೇಬಿಂದ ಬಿಪಿ ಮಾತ್ರೆ ಶೀಟು ತೆಗೆದು ಸ್ಟ್ರೈಕರ್ ಜಾಗದಲ್ಲಿಟ್ಟರು.

"ಇದು ಛೇತ್ರಿ. ನಾಳೆಯಿಂದ ಬೇಡ ಅಂತ ಬಿಡ್ತೀರ. ಮೂರನೇ ದಿನಕ್ಕೆ ತಲೆ ಸುತ್ತತ್ತೆ. ಆಮೇಲೆ ಹುಡುಕ್ತೀರ."

ಇದಾದ ಮೇಲೆ ಒಂದು ಗಂಟೆ ಜಗಳ. ಎಕ್ಸೆಲ್ ಪ್ರಕಾರ ಆ ಎಡಗಡೆ ಲೋಟದಲ್ಲಿ ದಮ್ಮಿಲ್ಲ, 60ನೇ ನಿಮಿಷಕ್ಕೆ ಸುಸ್ತು. ಆರ್ಸೆನಲ್ ಭಕ್ತನ ಪ್ರಕಾರ ಬಲಗಡೆ ಇಡ್ಲಿ ಮೇಲೆ ಹೋದರೆ ವಾಪಸ್ ಬರಲ್ಲ. ಇಬ್ಬರೂ ಆ ಆಟಗಾರರ ಒಂದು ಪೂರ್ತಿ ಮ್ಯಾಚ್ ನೋಡಿಲ್ಲ ಅಂತ ನನಗೆ ಗೊತ್ತು, ಯಾಕಂದ್ರೆ ನಾನೂ ನೋಡಿಲ್ಲ. ಮಾತಿನ ಬಿಸಿಯಲ್ಲಿ ಭಕ್ತ ಒಂದು ಸ್ಟಾಪರನ್ನು ಸಾಂಬಾರಲ್ಲಿ ಅದ್ದಿ ತಿಂದುಬಿಟ್ಟ. "ಡಿಫೆನ್ಸ್ ಓಪನ್ ಆಯ್ತಲ್ಲೋ!" ಅಂತ ಎಕ್ಸೆಲ್ ನಿಜವಾಗಿಯೂ ಗಾಬರಿಯಾದ.

ಆಗ ನನಗೆ 2022ರ ಆ ಜ್ಯೋತಿಷಿ ನೆನಪಾದರು.

ಮರೆತವರಿಗೆ ಹೇಳುತ್ತೇನೆ. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳಿದ್ದವು. ಅಫ್ಗಾನಿಸ್ತಾನದ ವಿರುದ್ಧದ ಮ್ಯಾಚಿಗೆ ಮೊದಲು ಆಗಿನ ಕೋಚ್ ಇಗೊರ್ ಸ್ಟಿಮಾಕ್ ಆಟಗಾರರ ಪಟ್ಟಿಯನ್ನು ದೆಹಲಿ ಕಡೆಯ ಒಬ್ಬ ಜ್ಯೋತಿಷಿಗೆ ಕಳಿಸಿದ್ದರು ಅಂತ 2023ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ಬಂತು. ಒಬ್ಬೊಬ್ಬರ ಮುಂದೆಯೂ ಷರಾ. ಇವನಿಗೆ ದಿನ ಚೆನ್ನಾಗಿದೆ, ಆದರೆ ಅತಿಯಾದ ಆತ್ಮವಿಶ್ವಾಸ ಬೇಡ. ಇವನಿಗೆ ದಿನ ಸಾಧಾರಣಕ್ಕಿಂತ ಕಡಿಮೆ. ಇವನು ಚೆನ್ನಾಗಿ ಆಡುತ್ತಾನೆ, ಸಿಟ್ಟು ಸ್ವಲ್ಪ ಜಾಸ್ತಿ ಆಗಬಹುದು. ಇವನು ಇವತ್ತಿಗೆ ಬೇಡ. ಫೀಸು 12ರಿಂದ 15 ಲಕ್ಷ ಅಂತ ವರದಿಯಲ್ಲಿತ್ತು.

ಸುದ್ದಿ ಬಂದ ದಿನ ಇದೇ ಟೇಬಲ್ ಸುತ್ತ ನಾವು ಬಿದ್ದುಬಿದ್ದು ನಕ್ಕಿದ್ದೆವು. ವೈಜ್ಞಾನಿಕ ಮನೋಭಾವ, ಅದು ಇದು ಅಂತ ಎಕ್ಸೆಲ್ ಭಾಷಣವನ್ನೇ ಮಾಡಿದ್ದ. ಈಗ ಆ ಷರಾಗಳನ್ನು ನಿಧಾನವಾಗಿ ಓದಿ ನೋಡಿ, ಅಲ್ಲಿರುವುದಕ್ಕೂ ನಾವು ಪ್ರತಿ ಭಾನುವಾರ ಹೇಳುವುದಕ್ಕೂ ಏನು ವ್ಯತ್ಯಾಸ? "ಟ್ಯಾಲೆಂಟ್ ಇದೆ ಗುರು, ಆದ್ರೆ ತಲೆ ನಿಲ್ಲಲ್ಲ." "ದಿನ ಇದ್ರೆ ಒಬ್ನೇ ಗೆಲ್ಲಿಸ್ತಾನೆ, ಇಲ್ದಿದ್ರೆ ಕಾಣೋದೇ ಇಲ್ಲ." ಒಂದೇ ಮಾತು, ಒಂದೇ ಗ್ಯಾರಂಟಿ. ಅವರು ಆಟಗಾರ ಹುಟ್ಟಿದ ದಿನಾಂಕ ನೋಡಿ ಹೇಳಿದರು, ನಾವು ಮೂವತ್ತು ಸೆಕೆಂಡಿನ ರೀಲ್ ನೋಡಿ ಹೇಳುತ್ತೇವೆ. ಅವರಿಗೆ ಲಕ್ಷ ಬಂತು, ನಾವು ಕಾಫಿಗೆ ಕೈಯಿಂದ ಹಾಕಿಕೊಳ್ಳುತ್ತೇವೆ. ಬುದ್ಧಿವಂತರು ಯಾರು ನೀವೇ ಹೇಳಿ.

ಮ್ಯಾಚ್ ಏನಾಯಿತು ಅಂತ ಕೇಳಿದಿರಾ? 86ನೇ ನಿಮಿಷದಲ್ಲಿ ಛೇತ್ರಿ ಫ್ರೀಕಿಕ್, ಗೋಲು. ಎರಡೇ ನಿಮಿಷಕ್ಕೆ ಅಫ್ಗಾನಿಸ್ತಾನ ಸಮ. ಕೊನೆಯಲ್ಲಿ ನಮ್ಮ ಸಹಲ್ ಹೊಡೆದು 2-1. ಮುಂದಿನ ಮ್ಯಾಚಲ್ಲಿ ಹಾಂಗ್‌ಕಾಂಗ್ ಮೇಲೆ 4-0 ಗೆಲುವು. ಏಷ್ಯನ್ ಕಪ್‌ಗೆ ಅರ್ಹತೆ. ಅಂದರೆ ಗ್ರಹಗಳ ಸೆಲೆಕ್ಷನ್ ಕೆಲಸ ಮಾಡಿತು! ಇದಕ್ಕೆ ಉತ್ತರ ಕೊಡೋಕೆ ನಮ್ಮ ಎಕ್ಸೆಲ್ ಹತ್ತಿರ ಇವತ್ತಿಗೂ ಕಾಲಂ ಇಲ್ಲ.

ಆದರೆ ನಮ್ಮ ಬೆಂಗಳೂರಲ್ಲಿ ಗ್ರಹಗಳು ಕೈಕೊಟ್ಟವು. 2023ರ ಜೂನ್ 21, ಕಂಠೀರವ ಸ್ಟೇಡಿಯಂ, ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್, ಎದುರಿಗೆ ಪಾಕಿಸ್ತಾನ. ಮಳೆ. ನಾನು ಇದ್ದೆ, ಒಂದು ಪ್ಲಾಸ್ಟಿಕ್ ಕವರ್ ತಲೆಗೆ, ಇನ್ನೊಂದು ಮೊಬೈಲಿಗೆ. ನಾವು ಮುಂದಿದ್ದೇವೆ, ಎಲ್ಲ ಸರಿಯಾಗೇ ನಡೀತಿದೆ, ಪಾಕಿಸ್ತಾನದ ಹುಡುಗ ಥ್ರೋ ಮಾಡೋಕೆ ಬಾಲ್ ಎತ್ತಿದ, ಸ್ಟಿಮಾಕ್ ಪಕ್ಕದಿಂದ ಬಂದು ಅವನ ಕೈಯಿಂದ ಅದನ್ನು ತಟ್ಟಿಬಿಟ್ಟರು. ಗಲ್ಲಿ ಕ್ರಿಕೆಟ್‌ನಲ್ಲಿ ಔಟಾದವನು ಬ್ಯಾಟ್ ಕೊಡಲ್ಲ ಅಂತಾನಲ್ಲ, ಆ ಥರ. ರೆಡ್ ಕಾರ್ಡ್. ಆರು ದಿನ ಬಿಟ್ಟು ಕುವೈತ್ ಮ್ಯಾಚಲ್ಲಿ ಇನ್ನೊಂದು ರೆಡ್ ಕಾರ್ಡ್. ಆಟಗಾರರ ಜಾತಕ ಎಲ್ಲ ತೋರಿಸಿದವರು ತಮ್ಮದೊಂದು ತೋರಿಸೋದು ಮರೆತಿದ್ದರು ಅನ್ನಿಸುತ್ತೆ. ಸೆಮಿಫೈನಲ್, ಫೈನಲ್ ಎರಡಕ್ಕೂ ಸಹಾಯಕ ಕೋಚ್ ಮಹೇಶ್ ಗಾವಳಿ ನಿಂತರು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ 5-4, ಕಪ್ ನಮ್ದೇ. ಆ ತಿಂಗಳು ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನ. ಕೋಚ್ ಗ್ಯಾಲರಿಯಲ್ಲಿದ್ದಾಗಲೇ ಚೆನ್ನಾಗಿ ಆಡ್ತಾರೆ ಅಂತ ಅಂಕಲ್ ಅವತ್ತೇ ತೀರ್ಪು ಕೊಟ್ಟಿದ್ದರು.

ಆಟಗಾರರನ್ನು ಆರಿಸುವ ಕಥೆ ಹೀಗಾದರೆ ಕೋಚ್ ಆರಿಸಿದ ಕಥೆ ಇನ್ನೂ ಚೆಂದ. 2025ರ ಜುಲೈನಲ್ಲಿ ಫೆಡರೇಷನ್‌ಗೆ 170 ಅರ್ಜಿ ಬಂದಿದ್ದವು, ಅದರಲ್ಲಿ ಬಾರ್ಸಿಲೋನಾದ ಹಳೇ ಕೋಚ್ ಶಾವಿ ಹೆಸರೂ ಇತ್ತು. ಅಷ್ಟು ದುಡ್ಡು ನಮ್ಮ ಕೈಲಾಗಲ್ಲ ಅಂತ ಬಿಟ್ಟರಂತೆ ಎಂದು ಸುದ್ದಿಯಾಯಿತು. ಎರಡು ದಿನ ನಮ್ಮ ಟೇಬಲ್‌ನಲ್ಲಿ ಶಾವಿ ಬಂದರೆ ಯಾವ ಫಾರ್ಮೇಷನ್ ಅಂತ ಚರ್ಚೆ ಜೋರು. ಆರ್ಸೆನಲ್ ಭಕ್ತ "ನಮ್ ಹುಡುಗ್ರಿಗೆ ಪಾಸಿಂಗ್ ಆಟ ಹೊಂದಲ್ಲ" ಅಂತ ಶಾವಿಯನ್ನು ರಿಜೆಕ್ಟ್ ಕೂಡ ಮಾಡಿದ್ದ. ಆಮೇಲೆ ನೋಡಿದರೆ ಆ ಇಮೇಲೇ ಸುಳ್ಳು, 19 ವರ್ಷದ ಒಬ್ಬ ಕಾಲೇಜು ಹುಡುಗ ತಾನೇ ಕಳಿಸಿದ್ದು ಅಂದ. ಇನ್ನೊಬ್ಬ ದೊಡ್ಡ ಕೋಚ್ ಗ್ವಾರ್ಡಿಯೋಲಾ ಹೆಸರಲ್ಲೂ ಒಂದು ಅರ್ಜಿ ಇತ್ತಂತೆ. ನಮ್ಮ ಕಡೆ ಗುರುತಿನ ಚೀಟಿ ಇಲ್ಲದೆ ಸಿಮ್ ಸಿಗಲ್ಲ, ಜೆರಾಕ್ಸ್ ಮೇಲೆ ಸಹಿ ಇಲ್ಲದೆ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ದೇಶದ ಕೋಚ್ ಆಗೋಕೆ ಜಿಮೇಲ್ ಸಾಕು.

ಮತ್ತೆ ಟೇಬಲ್‌ಗೆ ಬರೋಣ. ಹತ್ತೂವರೆ ಆಗಿತ್ತು. ನನಗೆ ಸುಮ್ನೆ ಒಂದು ಕುತೂಹಲ ಬಂತು. 2023ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತ್ತು, 54 ವರ್ಷದ ಮೇಲೆ, ಮೇಘಾಲಯವನ್ನು 3-2ರಲ್ಲಿ ಸೋಲಿಸಿ. ಫೈನಲ್ ನಡೆದದ್ದು ಸೌದಿಯ ರಿಯಾದ್‌ನಲ್ಲಿ. ನಮ್ಮ ರಾಜ್ಯಗಳ ಟೂರ್ನಿಯ ಫೈನಲ್ ರಿಯಾದ್‌ನಲ್ಲಿ ಯಾಕೆ ಅಂತ ಕೇಳಬೇಡಿ, ಅದಕ್ಕೇ ಬೇರೆ ವಿಡಂಬನೆ ಬೇಕು. "ಆ ಟೀಮಿನ ಒಬ್ಬ ಆಟಗಾರನ ಹೆಸರು ಹೇಳ್ರಪ್ಪಾ" ಅಂದೆ.

ಎಕ್ಸೆಲ್ ಮೊಬೈಲ್ ತೆಗೆದ. ಆರ್ಸೆನಲ್ ಭಕ್ತ ನೀರು ಕುಡಿದ. ಅಂಕಲ್ ಗಂಟಲು ಸರಿ ಮಾಡಿಕೊಂಡು 1948ಕ್ಕೆ ಹೋದರು. ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ವಿರುದ್ಧ, ನಮ್ಮ ಬೆಂಗಳೂರಿನ ರಾಮನ್ ಗೋಲು. ಎರಡು ಪೆನಾಲ್ಟಿ ಹಾಳು ಮಾಡಿಕೊಂಡು 2-1ರಲ್ಲಿ ಸೋತದ್ದನ್ನು ಅವರು ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳುತ್ತಾರೆ, ಆಗ ಅವರು ಹುಟ್ಟಿರಲೇ ಇಲ್ಲ. 2023ರ ಹುಡುಗರ ಹೆಸರು ಮಾತ್ರ ಅವರ ಬಾಯಲ್ಲೂ ಬರಲಿಲ್ಲ. ಮೊಬೈಲ್‌ನಲ್ಲಿ ಹೆಸರು ಸಿಕ್ಕಮೇಲೆ ಎಕ್ಸೆಲ್ ಗಂಭೀರವಾಗಿ ಹೇಳಿದ್ದು, "ಇವ್ರು ಗೇಮ್‌ನಲ್ಲಿ ಇಲ್ಲ ಅಂಕಲ್, ರೇಟಿಂಗ್ ಬರ್ತಿಲ್ಲ."

ಇನ್ನೊಂದು ಚಿಕ್ಕ ವಿಷಯ ಇದೆ. ಆ 35 ಜನರ ಕ್ಯಾಂಪ್ ನಡೆಯುತ್ತಿದ್ದದ್ದು ನಮ್ಮ ಬೆಂಗಳೂರಲ್ಲೇ, ಯಲಹಂಕದ ಕಡೆ. ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನವರು ತಮ್ಮ ಆಟಗಾರರನ್ನು ಕಳಿಸಲ್ಲ ಅಂದಿದ್ದರು. ಐಎಸ್‌ಎಲ್ ಅಂತೂ ಕಾಂಟ್ರಾಕ್ಟ್ ಜಗಳದಲ್ಲಿ ನಿಂತೇ ಹೋಗಿತ್ತು, ಯಾವಾಗ ಶುರು ಅಂತ ಯಾರಿಗೂ ಗೊತ್ತಿರಲಿಲ್ಲ, ಕೆಲವು ಕ್ಲಬ್ಬುಗಳು ಸಂಬಳವನ್ನೂ ತಡೆಹಿಡಿದಿದ್ದವು. ಅಂದರೆ ಲೀಗ್ ಇಲ್ಲ, ಸಂಬಳ ಇಲ್ಲ, ಅರ್ಧ ಆಟಗಾರರು ಇಲ್ಲ. ನಮ್ಮ ಟೇಬಲ್ ಮೇಲೆ ಜಗಳ ನಡೀತಿದ್ದದ್ದು ಎಡಗಡೆ ಲೋಟ ಸ್ವಲ್ಪ ಒಳಗೆ ಬಂದು ಆಡಬೇಕಾ, ಗೆರೆ ಹಿಡಿದೇ ಓಡಬೇಕಾ ಅಂತ.

ಸಪ್ಲಾಯರ್ ಅಣ್ಣ ಎರಡು ಸಲ ಬಂದು ಹೋದವರು ಮೂರನೇ ಸಲ ಕೇಳಿಯೇಬಿಟ್ಟರು, "ಇವತ್ ಯಾವ್ ಮ್ಯಾಚ್ ಸಾರ್?"

"ಇವತ್ತು ಮ್ಯಾಚ್ ಇಲ್ಲಣ್ಣ."

ಅವರು ಹೆಚ್ಚು ಮಾತಾಡದೆ ಮಿಡ್‌ಫೀಲ್ಡ್ ಎತ್ತಿಕೊಂಡು ಹೋದರು. ನಾವು ಎದ್ದು ರಸ್ತೆಗೆ ಬಂದಮೇಲೆ ಹಿಂದಿನಿಂದ ಅವರೇ ಓಡಿಬಂದು ಮಾತ್ರೆ ಶೀಟು ಅಂಕಲ್ ಕೈಗಿಟ್ಟರು. "ಬಿಟ್ಟೋಗ್ಬಿಟ್ಟಿದ್ರಿ." ಅಂಕಲ್ ನಮ್ಮ ಕಡೆ ತಿರುಗಿ, ನಾನು ಹೇಳ್ಲಿಲ್ವಾ ಅನ್ನೋ ಮುಖ ಮಾಡಿದರು.

ಸೆಪ್ಟೆಂಬರ್‌ನಲ್ಲಿ ತಜಿಕಿಸ್ತಾನದಲ್ಲಿ ನಡೆದ ಟೂರ್ನಿಯಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ನಮ್ಮವರು ಮೂರನೇ ಸ್ಥಾನ ತಗೊಂಡರು. "ನಾನ್ ಹೇಳಿದ್ದೆ" ಅಂತ ಎಕ್ಸೆಲ್. ಅಕ್ಟೋಬರ್‌ನ ಮ್ಯಾಚುಗಳಿಗೆ ಛೇತ್ರಿಯನ್ನು ಮತ್ತೆ ಕರೆದರು. "ನಾನ್ ಹೇಳಿದ್ದೆ" ಅಂತ ಅಂಕಲ್. ಅದೇ ತಿಂಗಳು 14ಕ್ಕೆ ಗೋವಾದಲ್ಲಿ ಸಿಂಗಪುರಕ್ಕೆ 1-2ರಲ್ಲಿ ಸೋತು ಏಷ್ಯನ್ ಕಪ್ ದಾರಿಯೇ ಮುಚ್ಚಿತು. "ನಾನ್ ಹೇಳಿದ್ದೆ" ಅಂತ ಮೂವರೂ. ನವೆಂಬರ್ 18ಕ್ಕೆ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1, ಅವರೆದುರು ನಾವು ಸೋತದ್ದು 22 ವರ್ಷದ ಮೇಲೆ. ರ‍್ಯಾಂಕಿಂಗ್ 142.

ಅದಾದ ಮೇಲಿನ ಭಾನುವಾರ ನಾಲ್ಕೂ ಜನ ಟೈಮಿಗೆ ಸರಿಯಾಗಿ ಹಾಜರ್. ಎಕ್ಸೆಲ್ ಕೈಯಲ್ಲಿ ಹೊಸ ಪಟ್ಟಿ, ಪೂರ್ತಿ ಹೊಸ ತಂಡ, ಎಲ್ಲ 23 ವರ್ಷದ ಒಳಗಿನವರು. ಸಪ್ಲಾಯರ್ ಅಣ್ಣ ಎರಡು ಪ್ಲೇಟ್ ವಡೆ ತಂದರು, ಇಡೋಕೆ ಮುಂಚೆ ಒಂದು ಕ್ಷಣ ನಿಂತರು.

"ಸಾರ್, ಇದು ತಿನ್ನೋಕಾ, ಆಡ್ಸೋಕಾ?"