ಅಜ್ಜಿಯಾಗಿಯೇ ಪರಿಚಯವಾದವರು

ಕೆಲವರು ನಮಗೆ ಪರಿಚಯವಾಗುವುದೇ ಮುದುಕರಾಗಿ. ಅವರಿಗೂ ಒಂದು ಹರೆಯ ಇತ್ತು ಅಂತ ಹೊಳೆಯುವುದೇ ಇಲ್ಲ. ಇಂಗ್ಲಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ನನ್ನ ಪಾಲಿಗೆ ಹಾಗೇ. ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾದ ಮಿಸೆಸ್ ಮೂರ್. ಗುಹೆಯೊಳಗಿನ ನೂಕುನುಗ್ಗಲಿಗೆ ಉಸಿರುಕಟ್ಟಿ ಹೊರಗೆ ಬಂದು, ನಮ್ಮ ಸಾವನದುರ್ಗದ ಬಂಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುವ ಅಜ್ಜಿ. ಆ ಪಾತ್ರಕ್ಕೆ 1985ರಲ್ಲಿ ಆಸ್ಕರ್ ಬಂದಾಗ ಅವರಿಗೆ 77.

ಆದರೆ ಲಂಡನ್ನಿನ ನಾಟಕದ ಮಂದಿಗೆ ಅವರು ಮೊದಲು ಶೇಕ್ಸ್‌ಪಿಯರ್‌ನ ಡೆಸ್ಡಿಮೋನಾ, ಆಮೇಲೆ ಜೂಲಿಯೆಟ್. 1930ರಲ್ಲಿ ಡೆಸ್ಡಿಮೋನಾಳ ಗಂಡ ಒಥೆಲೋ ಆಗಿದ್ದವರು ಪಾಲ್ ರೋಬ್ಸನ್. ಕಪ್ಪು ನಟನೊಬ್ಬ ಬಿಳಿಯ ಹುಡುಗಿಯನ್ನು ರಂಗದ ಮೇಲೆ ಮುಟ್ಟುವುದೇ ಆಗ ಕೆಲವರಿಗೆ ಸಹಿಸದ ಮಾತು. 1935ರಲ್ಲಿ ನಟರಾದ ಜಾನ್ ಗೀಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೆ, ರೋಮಿಯೋ ಮತ್ತು ಅವನ ಗೆಳೆಯ ಮರ್ಕ್ಯೂಶಿಯೋ ಪಾತ್ರಗಳನ್ನು ನಡುವೆ ಅದಲುಬದಲು ಮಾಡಿಕೊಂಡರು. ರೋಮಿಯೋ ಬದಲಾದ, ಜೂಲಿಯೆಟ್ ಮಾತ್ರ ಇವರೇ! ಪಾಪ, ಒಂದೇ ಮಾತಿಗೆ ಎರಡು ಥರದ ಪ್ರೇಮಿಗೆ ಕರಗಬೇಕು. ಅದನ್ನು ನೋಡೋಣವೆಂದರೆ ಎಲ್ಲಿದೆ? ಪರದೆ ಬಿದ್ದಾಗಲೇ ಮುಗಿಯಿತು.

ಹರೆಯದ ಪೆಗ್ಗಿಯನ್ನು ನೋಡಬೇಕೆಂದರೆ ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ ಹಾಕಿಕೊಳ್ಳಬೇಕು. ಅದೂ 1935ರದ್ದೇ. ಅಲ್ಲಿ ಅವರದು ಸುಮ್ನೆ ಬಂದು ಹೋಗುವ ಪಾತ್ರ, ಹೆಸರು ಮಾರ್ಗರೆಟ್. ಸ್ಕಾಟ್ಲೆಂಡಿನ ಬೆಟ್ಟದ ಮೇಲೆ ಜಿಪುಣ, ಅನುಮಾನದ ಮುದಿ ರೈತನೊಬ್ಬನ ಎಳೆಯ ಹೆಂಡತಿ. ಅವಳ ಊರು ಗ್ಲಾಸ್ಗೋ. ಪೊಲೀಸರಿಂದ ತಪ್ಪಿಸಿಕೊಂಡು ಬಂದ ನಾಯಕ ಆ ರಾತ್ರಿ ಅವಳ ಮನೆಯಲ್ಲಿ ಉಳಿಯುತ್ತಾನೆ. ಲಂಡನ್ನಿನ ಹೆಂಗಸರು ಕಾಲಿನ ಉಗುರಿಗೂ ಬಣ್ಣ ಹಚ್ಚುತ್ತಾರಂತೆ, ಹೌದಾ ಅಂತ ಅವಳು ಕೇಳುತ್ತಾಳೆ. ಕೇಳುವಾಗ ಮುಖದಲ್ಲಿ ಆಸೆ, ನಾಚಿಕೆ, ಗಂಡ ಬಂದುಬಿಟ್ಟಾನೆಂಬ ದಿಗಿಲು, ಮೂರೂ ಒಟ್ಟಿಗೆ. ನಾನು ಆ ಒಂದು ಪ್ರಶ್ನೆಗಾಗಿಯೇ ಸಿನಿಮಾವನ್ನು ಹಿಂದಕ್ಕೆ ಓಡಿಸಿ ನೋಡುತ್ತೇನೆ. ಕೊನೆಗೆ ಗಂಡನ ಕೋಟನ್ನೇ ಕೊಟ್ಟು ನಾಯಕನನ್ನು ಓಡಿಸುತ್ತಾಳೆ. ಅದರ ಜೇಬಿನಲ್ಲಿದ್ದ ಭಜನೆ ಪುಸ್ತಕ ಆಮೇಲೆ ಅವನಿಗೆ ಬಿದ್ದ ಗುಂಡನ್ನು ತಡೆಯುತ್ತದೆ. ಇವಳಿಗೆ ಸಿಕ್ಕಿದ್ದು ಗಂಡನ ಏಟು.

ಇಷ್ಟು ಚೆನ್ನಾಗಿ ಕ್ಯಾಮೆರಾ ಮುಂದೆ ನಿಲ್ಲಬಲ್ಲವರು ಯಾಕೆ ಮತ್ತೆ ಮತ್ತೆ ನಾಟಕಕ್ಕೇ ಓಡಿದರೋ! ಹೊಟ್ಟೆಕಿಚ್ಚಿನಿಂದಲೇ ಕೇಳುತ್ತಿದ್ದೇನೆ, ಆಗಿನ ಟಿಕೆಟ್ ನಮಗೆ ಸಿಗುವುದಿಲ್ಲ ನೋಡಿ. ಆಸ್ಕರ್ ಸಂಜೆಗೂ ಅವರು ಹೋಗಲಿಲ್ಲ. ಪ್ರಶಸ್ತಿಯನ್ನು ಅವರ ಪರವಾಗಿ ಆಂಜೆಲಾ ಲ್ಯಾನ್ಸ್‌ಬರಿ ತೆಗೆದುಕೊಂಡರು.