ಡಾಲರ್ ಹಾಕಿದ್ರೆ ಕದಲಲ್ಲ

ಎಕ್ಸೆಲ್ ಶೀಟಲ್ಲಿ ಒಂದು ಸೆಲ್ಲಿಗೆ, ಅಂದ್ರೆ ಒಂದು ಮನೆಗೆ, ಫಾರ್ಮುಲಾ ಹಾಕಿ, ಅದರ ಮೂಲೇಲಿರೋ ಪುಟ್ಟ ಚೌಕ ಹಿಡ್ಕೊಂಡು ಕೆಳಗೆ ಎಳೆದ್ರೆ ಸಾಕು, ಇನ್ನೂರು ಸಾಲಿನ ಲೆಕ್ಕ ಉಸಿರು ಬಿಡೋದ್ರೊಳಗೆ ಮುಗಿಯತ್ತೆ ಅಂತ ಹೇಳಿದ್ರು. ನಾನು ಮೊದಲ ಸಲ ಎಳೆದಾಗ ಮೇಲಿನ ಸಾಲು ಸರಿ, ಕೆಳಗೆಲ್ಲ ಬರೀ ಸೊನ್ನೆ. ಬಿ ಕಾಲಮ್ಮಲ್ಲಿ ಮೊತ್ತಗಳು, ಎಫ್1ರಲ್ಲಿ ಎಲ್ಲದಕ್ಕೂ ಒಂದೇ ದರ, ಸಿ2ರಲ್ಲಿ =ಬಿ2*ಎಫ್1 ಅಂತ ಬರ್ದಿದ್ದೆ, ಇದ್ರಲ್ಲಿ ತಪ್ಪೇನಿದೆ ಅಂತ ಅರ್ಧ ಗಂಟೆ ಸ್ಕ್ರೀನ್ ಜೊತೆ ಜಗಳ ಆಡಿದ್ದೇ ಬಂತು. ಕೊನೆಗೆ ಕೆಳಗಿನ ಸೆಲ್ ಕ್ಲಿಕ್ ಮಾಡಿ ನೋಡಿದ್ರೆ ಎಫ್1 ಇದ್ದಿದ್ದು ಎಫ್2 ಆಗಿದೆ, ಅಲ್ಲಿ ಏನೂ ಇಲ್ಲ, ಖಾಲಿ ಸೆಲ್ಲಿಂದ ಗುಣಿಸಿದ್ರೆ ಸೊನ್ನೇನೇ. ಸೊನ್ನೆ ಬಂದಿದ್ದು ನನ್ನ ಪುಣ್ಯ ಅಂತ ಈಗ ಅನ್ಸತ್ತೆ, ಎಫ್2ರಲ್ಲಿ ಬೇರೆ ಯಾವ್ದೋ ಸಂಖ್ಯೆ ಕೂತಿದ್ರೆ ಉತ್ತರ ನೋಡೋಕೆ ಚೆನ್ನಾಗೇ ಇರ್ತಿತ್ತು, ತಪ್ಪು ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

ಕೇಳಿದ್ರೆ ಶೀಟು "ನಾನೇನೂ ಬದಲಾಯಿಸಿಲ್ಲಪ್ಪ" ಅನ್ನತ್ತೆ. ನಾವು ಎಫ್1 ಅಂತ ವಿಳಾಸ ಕೊಟ್ವಿ ಅಂದ್ಕೊಂಡಿರ್ತೀವಿ, ಅದು "ನಾನು ಕೂತಲ್ಲಿಂದ ಒಂದು ಮನೆ ಮೇಲೆ, ಮೂರು ಮನೆ ಬಲಕ್ಕೆ" ಅಂತ ಓದ್ಕೊಂಡಿರತ್ತೆ. ನಂಬಿಕೆ ಬರ್ದಿದ್ರೆ ಎಕ್ಸೆಲ್ ಸೆಟ್ಟಿಂಗಲ್ಲಿ ಆರ್1ಸಿ1 ಶೈಲಿ (ಎಷ್ಟು ಮನೆ ಆಚೆ ಅಂತ ಲೆಕ್ಕದಲ್ಲೇ ತೋರಿಸೋದು) ಆನ್ ಮಾಡಿ ನೋಡಿ, ಇನ್ನೂರು ಸಾಲಲ್ಲೂ ಒಂದಕ್ಷರ ಆಚೀಚೆ ಇಲ್ದೆ ಅದೇ ಫಾರ್ಮುಲಾ ಕಾಣತ್ತೆ.

1979ರ ವಿಸಿಕ್ಯಾಲ್ಕ್ ಅನ್ನೋ ಹಳೇ ಸ್ಪ್ರೆಡ್‌ಶೀಟ್ ಪ್ರೋಗ್ರಾಮಲ್ಲಿ ಫಾರ್ಮುಲಾ ನಕಲು ಮಾಡೋವಾಗ ಒಂದೊಂದು ಸೆಲ್ ಹೆಸರಿಗೂ ಪ್ರೋಗ್ರಾಮೇ ಕೇಳ್ತಿತ್ತಂತೆ, ಇದು ಹಾಗೇ ಇರ್ಬೇಕಾ, ಜೊತೇಲಿ ಸರೀಬೇಕಾ ಅಂತ. ಕಿರಿಕಿರಿ ನಿಜ, ಆದ್ರೆ ಮರೆಯೋ ಹಾಗೇ ಇರ್ಲಿಲ್ವಲ್ಲ! ಈಗ ಯಾರೂ ಕೇಳಲ್ಲ, ನಾವೇ ನೆನಪಿಟ್ಟು $ ಚಿಹ್ನೆ ಹಾಕ್ಬೇಕು. ಅದಕ್ಕೂ ದುಡ್ಡಿಗೂ ಸಂಬಂಧ ಇಲ್ಲ, ಅದೊಂದು ಮೊಳೆ ಅಷ್ಟೇ, ತನ್ನ ಮುಂದೆ ಏನಿದ್ಯೋ ಅದನ್ನ ಅಲ್ಲೇ ಜಡಿಯತ್ತೆ. $ಎಫ್$1 ಅಂದ್ರೆ ಕಾಲಮ್ಮೂ ಕದಲಲ್ಲ, ಸಾಲೂ ಕದಲಲ್ಲ.

ನನ್ನ ತಲೆ ತಿಂದಿದ್ದು ಅರ್ಧ ಮೊಳೆ, ಅಂದ್ರೆ ಕಾಲಮ್ ಇಲ್ಲಾ ಸಾಲು, ಒಂದಕ್ಕೆ ಮಾತ್ರ $ ಹಾಕೋದು. ಎಷ್ಟು ಓದಿದ್ರೂ ಹತ್ಲಿಲ್ಲ, ಮಗ್ಗಿ ಕೋಷ್ಟಕ ಮಾಡಿದ್ಮೇಲೇ ಹತ್ತಿದ್ದು. ಎ ಕಾಲಮ್ಮಲ್ಲಿ ಎ2ರಿಂದ ಕೆಳಗೆ 1ರಿಂದ 10, ಮೊದಲ ಸಾಲಲ್ಲಿ ಬಿ1ರಿಂದ ಅಡ್ಡಕ್ಕೆ 1ರಿಂದ 10, ಬಿ2ರಲ್ಲಿ =$ಎ2*ಬಿ$1. ಎಡಗಡೆ ಸಂಖ್ಯೆಗೆ ಕಾಲಮ್ ಮಾತ್ರ ಜಡಿದಿದೆ, ಸಾಲು ಇಳೀಬಹುದು, ಮೇಲಿನದ್ದಕ್ಕೆ ಅದರ ಉಲ್ಟಾ. ಬಲಕ್ಕೆ ಎಳೆದು ಕೆಳಗೆ ಎಳೆದ್ರೆ ನೂರು ಮನೇನೂ ತುಂಬ್ಕೊಳತ್ತೆ, ಕೊನೇ ಮೂಲೇಲಿ 100. ಬೇಕಂತ್ಲೇ ಒಂದು $ ತೆಗೆದು ಇನ್ನೊಂದ್ಸಲ ಎಳೆದು ನೋಡಿ, ಮಗ್ಗಿ ಹುಚ್ಚೆದ್ದು ಹೋಗತ್ತೆ, ಯಾಕೆ ಅಂತ ಹುಡುಕೋದೇ ಒಂದು ಮಜಾ.

ಈ $ ಕೈಯಲ್ಲಿ ಟೈಪ್ ಮಾಡೋರು ಕಮ್ಮಿ, ವಿಂಡೋಸಲ್ಲಿ ಎಫ್4 ಕೀ ಒತ್ತಿದ್ರಾಯ್ತು. ಮೊದಲ ಒತ್ತಿಗೆ ಎರಡೂ ಕಡೆ, ಎರಡನೇದಕ್ಕೆ ಸಾಲಿಗೆ ಮಾತ್ರ, ಮೂರನೇದಕ್ಕೆ ಕಾಲಮ್ಮಿಗೆ ಮಾತ್ರ, ನಾಲ್ಕನೇದಕ್ಕೆ ಎಲ್ಲಾ ಮಾಯ. ನಾನು ಪ್ರತಿ ಸಲ ಮೂರಕ್ಕೆ ನಿಲ್ಬೇಕಾದವ್ನು ನಾಲ್ಕು ಒತ್ತಿ, ಥೂ ಅಂತ ಮತ್ತೆ ಒಂದರಿಂದ ಸುತ್ತು ಹೊಡೀತೀನಿ.