ಗಂಡಸರ ಪಾಕ್ಷಿಕಕ್ಕೆ ಹೆಂಗಸರಿಗೆ ಸ್ವಾಗತ

ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ದೇಶದಲ್ಲಿ ವ್ಯಾಸೆಕ್ಟಮಿ ಪಾಕ್ಷಿಕ. ಗಂಡಸರೂ ಕುಟುಂಬ ಯೋಜನೆಯ ಆಪರೇಷನ್ ಮಾಡಿಸಿಕೊಳ್ಳಲಿ ಅಂತ ಸರ್ಕಾರ ಕೈಮುಗಿದು ಕೇಳುವ ಎರಡು ವಾರ. ಯಾವುದಾದರೂ ತಾಲೂಕು ಕೇಂದ್ರದ ಕಾರ್ಯಕ್ರಮಕ್ಕೆ ಹೋಗಿ ನೋಡಿ. ಬ್ಯಾನರ್ ಮೇಲೆ ಗಂಡಸು. ವೇದಿಕೆ ಮೇಲೆ ಗಂಡಸರು. ಕೆಳಗಿನ ಕುರ್ಚಿಗಳಲ್ಲಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನರ್ಸಿಂಗ್ ಓದುವ ಹುಡುಗಿಯರು. ‘ಪುರುಷರೇ, ಮುಂದೆ ಬನ್ನಿ’ ಅಂತ ಸಾಹೇಬರು ಮೈಕಿನಲ್ಲಿ ಕರೆ ಕೊಡುತ್ತಾರೆ. ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ಫೋಟೋ ಆಗುತ್ತದೆ. ಉಪ್ಪಿಟ್ಟು, ಕೇಸರಿಬಾತೂ ಆಗುತ್ತದೆ.

ಫಲಿತಾಂಶವೂ ಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಶೇ. 57.4ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡನಿಗೆ ಆಪರೇಷನ್ ಆಗಿದೆ ಅಂದವರು ಶೇ. 0.0. ಬರೀ ಸೊನ್ನೆ ಅಂತ ಬರೆದಿದ್ದರೂ ನಡೀತಿತ್ತು. ಪಾಪ, ಎಲ್ಲೋ ಒಬ್ಬಿಬ್ಬರು ಮಾಡಿಸಿಕೊಂಡಿರಬಹುದು ಅಂತ ಒಂದು ಚುಕ್ಕಿ ಇಟ್ಟು ಮರ್ಯಾದೆ ಉಳಿಸಿದ್ದಾರೆ.

ಇಡೀ ದೇಶದ್ದು 0.3. ನಮ್ಮ 2017ರ ರಾಷ್ಟ್ರೀಯ ಆರೋಗ್ಯ ನೀತಿ ಏನು ಹೇಳುತ್ತದೆ ಗೊತ್ತಾ? ಒಟ್ಟು ಆಪರೇಷನ್‌ಗಳಲ್ಲಿ ಗಂಡಸರ ಪಾಲು ಕನಿಷ್ಠ ಶೇ. 30 ಆಗಬೇಕಂತೆ, ಸಾಧ್ಯವಾದರೆ ಇನ್ನೂ ಜಾಸ್ತಿ. ಆ ‘ಸಾಧ್ಯವಾದರೆ’ ಓದಿದಾಗೆಲ್ಲ ಬರೆದವರ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ.

ಈಗಿನ ವ್ಯಾಸೆಕ್ಟಮಿಗೆ ಬ್ಲೇಡು ಬೇಕಿಲ್ಲ, ಹೊಲಿಗೆ ಬೇಕಿಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಕಾಲು ಗಂಟೆಯ ಕೆಲಸ, ಅವತ್ತೇ ಮನೆಗೆ. ಮೂರು ತಿಂಗಳು ನಿರೋಧ್ ಬಳಸಿ ಆಮೇಲೆ ಒಂದು ಟೆಸ್ಟ್ ಮಾಡಿಸಿದರೆ ಮುಗೀತು. ಹೆಂಗಸಿಗಾದರೆ ಹೊಟ್ಟೆ ಕೊಯ್ಯಬೇಕು. ಹಾಗಾಗಿ ಸಹಜವಾಗಿಯೇ ನಾವು ಹೆಂಗಸರನ್ನು ಆರಿಸಿದ್ದೇವೆ.

ಆಪರೇಷನ್ ದಿನ ವಾರ್ಡಿನ ಹೊರಗೆ ನಿಂತರೆ ಕಾರಣವೂ ತಿಳಿಯುತ್ತದೆ. ಒಳಗೆ ಸೊಸೆ ಮಲಗಿರುತ್ತಾಳೆ, ಎರಡನೇ ಕೂಸಿಗೆ ಇನ್ನೂ ಕತ್ತು ನಿಂತಿರುವುದಿಲ್ಲ. ಕೂಸನ್ನು ಎತ್ತಿಕೊಂಡ ಅತ್ತೆ ಹೇಳುತ್ತಾರೆ: ‘ಅವನಿಗೆ ಮಾಡಿಸಿದ್ರೆ ಶಕ್ತಿ ಹೋಗ್ತದಮ್ಮ. ಭಾರ ಎತ್ತೋ ಕೆಲಸ ಅವಂದು.’ ಶಕ್ತಿ ಉಳಿಸಿಕೊಂಡ ಮಗ ಆಗ ಆಸ್ಪತ್ರೆ ಗೇಟಿನ ಹತ್ತಿರ ಟೀ ಎತ್ತುತ್ತಿರುತ್ತಾನೆ. ಸೊಸೆ ಊರಿಗೆ ಹೋದ ಮೇಲೆ ಕೊಡ ಎತ್ತುತ್ತಾಳೆ.

ಗಂಡಸರಿಗೆ ಭಯ ಅಂತಾರೆ. 1976ರ ನೆನಪಂತೆ. ತುರ್ತು ಪರಿಸ್ಥಿತಿಯ ಆ ಒಂದೇ ವರ್ಷದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು, ಎಷ್ಟೋ ಜನರಿಗೆ ಬಲವಂತದಿಂದ. ಅದು ಅನ್ಯಾಯವೇ. ಆದರೆ ಹೆಂಡತಿ ಹುಟ್ಟಿದ ದಿನ ನೆನಪಿಲ್ಲದ ಗಂಡಸಿಗೆ ತಾನು ಹುಟ್ಟುವ ಮೊದಲು ನಡೆದದ್ದು ಇಷ್ಟು ಚೆನ್ನಾಗಿ ನೆನಪಿರುವುದು ವಿಜ್ಞಾನಕ್ಕೇ ಸವಾಲು. ಹೆಂಗಸರಿಗೂ ನೆನಪಿಟ್ಟುಕೊಳ್ಳಲು ಒಂದಿದೆ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬನೇ ವೈದ್ಯ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದ. ಹನ್ನೆರಡಕ್ಕೂ ಜಾಸ್ತಿ ತಾಯಂದಿರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಷ್ಟಾದರೂ ‘ಹೆಂಗಸರಿಗೆ ಭಯ, ಅದಕ್ಕೇ ಬರಲ್ಲ’ ಅಂತ ಯಾರೂ ವರದಿ ಬರೆದದ್ದು ನಾನು ಕಾಣೆ. ಭಯಪಡಲು ಅವರಿಗೆ ಯಾರೂ ಪಾಕ್ಷಿಕ ಇಟ್ಟಿಲ್ಲವಲ್ಲ.

ದುಡ್ಡಿನ ವಿಚಾರಕ್ಕೆ ಬರೋಣ. 2007ರಲ್ಲಿ ಕೇಂದ್ರ ನಿಗದಿ ಮಾಡಿದ ದರದಲ್ಲಿ ಆಪರೇಷನ್ ಮಾಡಿಸಿಕೊಂಡ ಗಂಡಸಿಗೆ 1,100 ರೂಪಾಯಿ, ಬಡ ಹೆಂಗಸಿಗೆ 600. ಹೊಟ್ಟೆ ಕೊಯ್ದರೆ 600, ಕೊಯ್ಯದಿದ್ದರೆ 1,100! ಪ್ರೋತ್ಸಾಹ ಅಂದರೆ ಹೀಗಿರಬೇಕು. ಊರೂರಿಗೆ ಹೋಗಿ ಗಂಡಸರ ಜೊತೆ ಕೂತು ಮಾತಾಡುವ ಪುರುಷ ಆರೋಗ್ಯ ಕಾರ್ಯಕರ್ತರಿಗೆ, ತಾಲೂಕಿಗೊಬ್ಬ ತರಬೇತಾದ ಡಾಕ್ಟರಿಗೆ ಖರ್ಚು ಮಾಡಿ ಅಂದರೆ ಮಾತ್ರ ಅನುದಾನ ಇಲ್ಲ ಅನ್ನುವ ಉತ್ತರ ಸಿದ್ಧ. ಗಂಡಸರ ಮನವೊಲಿಸುವ ಕೆಲಸವೂ ಆಶಾ ಅಕ್ಕನದ್ದೇ. ಗಂಡ ಮನೆಯಲ್ಲಿಲ್ಲದ ಹೊತ್ತಲ್ಲಿ ಅವಳು ಹೋಗಿ ಹೆಂಡತಿಗೆ ಹೇಳಬೇಕು. ಹೆಂಡತಿ ಗಂಡನಿಗೆ ಹೇಳಬೇಕು. ಅವನು ಯೋಚನೆ ಮಾಡಿ ‘ನೀನೇ ಮಾಡಿಸ್ಕೊ’ ಅನ್ನಬೇಕು. ವಂಕಿ (ಕಾಪರ್-ಟಿ), ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್, ಉಳಿದ ದಾರಿಗಳೂ ಅವಳ ಮೈ ಮೇಲೆಯೇ ಹಾದುಹೋಗುತ್ತವೆ.

ಅಷ್ಟರಲ್ಲಿ ಪಕ್ಕದ ರಾಜ್ಯಗಳಿಂದ ಹೊಸ ಸುದ್ದಿ. 2024ರ ಅಕ್ಟೋಬರ್‌ನಲ್ಲಿ ಚಂದ್ರಬಾಬು ನಾಯ್ಡು ಜಾಸ್ತಿ ಮಕ್ಕಳನ್ನು ಮಾಡಿಕೊಳ್ಳಿ ಅಂದರು. ಜನಸಂಖ್ಯೆ ನೋಡಿ ಹಂಚಿದರೆ ತಮ್ಮ ರಾಜ್ಯಕ್ಕೆ ಲೋಕಸಭಾ ಸೀಟು ಕಮ್ಮಿಯಾಗುವ ಚಿಂತೆಯಲ್ಲಿ ಸ್ಟಾಲಿನ್ ಅವರು ಮದುವೆ ಸಮಾರಂಭವೊಂದರಲ್ಲಿ ಹದಿನಾರು ಮಕ್ಕಳ ಮಾತಾಡಿದರು. ತಮಾಷೆಗೇ ಇರಬಹುದು. ಹೆರಬೇಕಾದವರು ನಕ್ಕರೋ ಇಲ್ಲವೋ ವರದಿಯಲ್ಲಿ ಬರಲಿಲ್ಲ. ‘ಆರತಿಗೊಬ್ಬಳು ಕೀರ್ತಿಗೊಬ್ಬ’ ಅಂತ ಬಸ್ಸಿನ ಬೆನ್ನ ಮೇಲೆ ಓದಿ ಬೆಳೆದವರು ನಾವು. ಇನ್ನು ಸೀಟಿಗೊಬ್ಬ ಅಂತಲೂ ಸೇರಿಸಬೇಕೇನೋ.

ನನ್ನದೊಂದು ಸಣ್ಣ ಸಲಹೆ. ಮುಂದಿನ ಪಾಕ್ಷಿಕದಲ್ಲಿ ವೇದಿಕೆಯ ಪಕ್ಕದಲ್ಲೇ ಆಪರೇಷನ್ ಕೋಣೆ ಇರಲಿ. ಎರಡು ಮಕ್ಕಳಾಗಿ ಸಾಕು ಅಂದುಕೊಂಡಿರುವ ಗಣ್ಯರು ಮೊದಲು ಅಲ್ಲಿಗೆ, ಕಾಲು ಗಂಟೆ ಬಿಟ್ಟು ಮೈಕಿಗೆ. ಬಲವಂತ ಖಂಡಿತ ಬೇಡ, ಸುಮ್ನೆ ಆಮಂತ್ರಣ ಪತ್ರಿಕೆಯಲ್ಲಿ ಒಂದು ಸಾಲು ಹಾಕಿದರೆ ಸಾಕು. ಈ ಸಲಹೆಯನ್ನು ಆರೋಗ್ಯ ಇಲಾಖೆಯ ಗೆಳೆಯರೊಬ್ಬರಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ, ‘ಒಳ್ಳೇದೇ ಸಾರ್, ಆದ್ರೆ ಅಧ್ಯಕ್ಷತೆಗೆ ಯಾರನ್ನ ಕರೆಯೋದು?’ ಅಂದರು.